ಗಿರಣಿ ಮನೆಯ ಮೋಟಾರಿನ ಹಿಂದಿನ ಸೀಟು

ಮೊನ್ನೆ ಇಟ್ಟಿಗಿ ಎಂಬ ಊರಿನಲ್ಲಿ ಒಬ್ಬರ ಮನೆಗೆ ಹೋಗಿದ್ದೆ. ನಾನು ವಿಮೆ ಏಜೆಂಟ. ಮನುಷ್ಯ ಯಾವಾಗ ಬೇಕಾದರೂ ಸಾಯಬಹುದು ಎಂಬುದನ್ನು ಎದುರಿನವರ ಮನೆಯ ಚಹಾ ಕುಡಿಯುತ್ತ ಅವರಿಗೇ ಮನವರಿಕೆ ಮಾಡಿಕೊಡುವುದು ನನ್ನ ಕಸುಬು. ಕಸುಬಿಗೆ ತಕ್ಕ ಸ್ವಭಾವವನ್ನೂ ದೇವರು ಕೊಟ್ಟಿದ್ದಾನೆ. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಬೀಗ ಸಡಿಲವಾಗಿರಬಹುದೇ ಎಂದು ಆಮೇಲೆ ದಿನವಿಡೀ ಕೊರಗುತ್ತೇನೆ.

ಇಟ್ಟಿಗಿಯ ಆ ಮನೆಯಲ್ಲಿ ಚಹಾ ಬಂತು. ಕಪ್ಪು ಎತ್ತಿದೆ. ಎದುರಿನ ಗೋಡೆಯ ಮೇಲೆ ಅದು ಕಾಣಿಸಿತು. ಉದ್ದ ಮೂತಿ, ಕೊಪ್ಪರಿಗೆಯಂಥ ಎರಡು ದೀಪ, ಮಡಚಿ ಹಿಂದಕ್ಕೆ ಸರಿಸಿದ ಬಟ್ಟೆಯ ಚಾವಣಿ, ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡು ದೇವರಂತೆ ಕುಳಿತ ಮದುಮಗ.

"ಅದು ನಮ್ಮಪ್ಪನ ಮದಿವಿ ಫೋಟೋರಿ," ಎಂದರು ಮನೆಯ ಯಜಮಾನರು. "ಕೊಟ್ಟೂರು ಗಿರಣಿ ಮನಿ ಕಾರು. ನೀವು ಕೇಳಿರಬೇಕಲ್ಲ?"

ಕೇಳಿರಬೇಕಂತೆ! ಚಹಾ ಒಮ್ಮೆಲೇ ಕಹಿಯಾಯಿತು. ಅವರಿಗೆ ಪಾಲಿಸಿಯ ಲಾಭಗಳನ್ನು ಹೇಳುವಾಗ ನನ್ನ ದನಿಯಲ್ಲಿ ಏನೋ ಬದಲಾಗಿರಬೇಕು. ಅವರು ಹೆದರಿ ತಕ್ಷಣ ಒಪ್ಪಿಕೊಂಡರು.

ನೀವು ಈ ಕಡೆಯವರಾದರೆ ನಿಮಗೆ ಹೇಳಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳ ಸುತ್ತ ಗೋಡೆಗೆ ಮೊಳೆ ಹೊಡೆದವರಲ್ಲಿ ಅರ್ಧದಷ್ಟು ಜನ ಆ ಕಾರಿನ ಫೋಟೋಕ್ಕಾಗಿಯೇ ಹೊಡೆದಿದ್ದಾರೆ. ಏಜೆಂಟನಾಗಿ ನಾನು ಕಾಲಿಡದ ಪಡಸಾಲೆ ಇಲ್ಲ. ಹೀಗಾಗಿ ಆ ಕಾರಿನ ಚರಿತ್ರೆಯನ್ನು ನಾನು ಓದಿದ್ದೆಲ್ಲ ಗೋಡೆಗಳ ಮೇಲೆ. ಓದಲೇಬೇಕೆಂಬ ಆಸೆ ಇರಲಿಲ್ಲ. ಹಲ್ಲುನೋವು ಇದ್ದವನ ನಾಲಗೆ ಮತ್ತೆ ಮತ್ತೆ ಅದೇ ಹಲ್ಲಿಗೆ ಹೋಗುತ್ತದಲ್ಲ, ಹಾಗೆ.

ಚರಿತ್ರೆ ಇಷ್ಟು. ಬ್ರಿಟಿಷರ ಕಾಲದಲ್ಲಿ ಕೊಟ್ಟೂರಿನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಒಬ್ಬ ಸಾಹುಕಾರರು ಆ ಕಾರನ್ನು ವಿಲಾಯತಿಯಿಂದ ತರಿಸಿದರು. ಮದರಾಸಿನವರೆಗೆ ಹಡಗಿನಲ್ಲಿ ಬಂತು. ಅಲ್ಲಿಂದ ರೈಲಿನ ತೆರೆದ ಡಬ್ಬಿಯ ಮೇಲೆ ಹಗ್ಗ ಬಿಗಿಸಿಕೊಂಡು ಕೊಟ್ಟೂರು ಸ್ಟೇಷನ್ನಿಗೆ ಬಂತು. ಇಳಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಗಿರಣಿಯಿಂದ ಹತ್ತಿಯ ಅಂಡಿಗೆಗಳನ್ನು ತರಿಸಿ, ಇಳಿಜಾರಾಗಿ ಒಟ್ಟಿ, ಮೇಲೆ ಹಲಗೆ ಹಾಸಿ ಇಳಿಸಿದರಂತೆ. ಭೂಮಿಗೆ ಕಾಲಿಡುವಾಗ ಹತ್ತಿಯ ಮೇಲೆ ನಡೆದು ಬಂದ ಕಾರು ಅದು. ನಾನು ಹುಟ್ಟಿದಾಗ ನನ್ನನ್ನು ಮಲಗಿಸಿದ್ದು ಗೋಣಿಚೀಲದ ಮೇಲೆ. ಹೋಲಿಸಬಾರದು, ಆದರೂ ಹೇಳಿದೆ.

ಒಳಗಿನ ವೈಭವವೂ ಸಣ್ಣದಲ್ಲ. ಹಿಂದಿನ ಸೀಟಿಗೆ ಕೆಂಪು ಚರ್ಮ, ಕೈಯಳತೆಯಲ್ಲಿ ಹೂವು ಇಡಲು ಗಾಜಿನ ಕೊಳವೆ, ಕಾಲು ಚಾಚಲು ಮಡಚುವ ಮಣೆ, ಎಲೆ ಅಡಿಕೆ ಇಡಲು ಪುಟ್ಟ ಕಟ್ಟಿಗೆಯ ಖಾನೆ. ಆ ಖಾನೆ ಏತಕ್ಕೆಂದು ವಿಲಾಯತಿಯವರು ಮಾಡಿದ್ದರೋ. ಸಾಹುಕಾರರು ನೋಡಿದ ಕೂಡಲೇ ಎಲೆ ಅಡಿಕೆಗೆಂದು ತೀರ್ಮಾನಿಸಿದರು. ಸಾಹುಕಾರರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಅವರಿಗೆ ಎಲ್ಲಿಗೂ ಅವಸರವಾಗಿ ಹೋಗಬೇಕಾಗಿಯೂ ಇರಲಿಲ್ಲ. ಸಂಜೆ ಹಿಂದಿನ ಸೀಟಿನಲ್ಲಿ ಕುಳಿತು ಊರ ಹೊರಗಿನ ಹಳ್ಳದವರೆಗೆ ಹೋಗಿ ಬರುವುದು, ಅಷ್ಟೇ. ಹಳ್ಳದ ಉಸುಕಿನಲ್ಲಿ ಗಾಲಿ ಹೂತರೆ ಎತ್ತು ಕಟ್ಟಿ ಎಳೆಸುತ್ತಿದ್ದರು. ಆಗಲೂ ಅವರು ಕೆಳಗಿಳಿಯುತ್ತಿರಲಿಲ್ಲವಂತೆ.

ಅವರು ತೀರಿಕೊಂಡ ಮೇಲೆ ಮನೆಯವರಿಗೆ ಆ ಸೀಟಿನ ಮೇಲೆ ಕುಳಿತುಕೊಳ್ಳಲು ಮನಸ್ಸಾಗಲಿಲ್ಲ. ಗಂಧ ಹಚ್ಚಿದರು, ಹೂವು ಏರಿಸಿದರು. ನಮ್ಮ ಕಡೆ ಯಾವ ವಸ್ತುವನ್ನೂ ಬಹಳ ದಿನ ಬರೀ ವಸ್ತುವಾಗಿ ಬಿಡುವುದಿಲ್ಲ, ನೋಡಿ. ಮುಂಭಾಗದ ಹೊಳೆಯುವ ಜಾಲರಿಯ ಮೇಲೆ ಮೂರು ಬೆರಳಿನ ವಿಭೂತಿ ಬಂತು. ಆಯುಧಪೂಜೆಗೆ ಪ್ರತಿ ವರ್ಷ ಬಂಪರಿನ ಮೇಲೆಯೇ ಕಾಯಿ ಒಡೆಯತೊಡಗಿದರು. ಹಾಗೆ ಒಡೆದು ಒಡೆದು ಬಂಪರಿನ ನಡುವೆ ಒಂದು ತಗ್ಗು ಬಿದ್ದಿತು. ಹಳೆಯ ಕಾರುಗಳ ಹುಚ್ಚಿದ್ದ ಯಾರೋ ದೊಡ್ಡ ಊರಿನವರು ಒಮ್ಮೆ ನೋಡಲು ಬಂದು, "ಯಾವ ಆಕ್ಸಿಡೆಂಟಿನಲ್ಲಿ ಆದದ್ದು?" ಎಂದು ಕನಿಕರದಿಂದ ಕೇಳಿದರಂತೆ. "ದೇವರ ಕೆಲಸದಾಗ," ಎಂದು ಮನೆಯವರು ಕೈಮುಗಿದರಂತೆ.

ಆ ಸೀಟಿನಲ್ಲಿ ಕೂರುವ ಅಧಿಕಾರ ಉಳಿದದ್ದು ಒಬ್ಬನಿಗೇ, ಬಾಸಿಂಗ ಕಟ್ಟಿದ ಮದುಮಗನಿಗೆ. ಅವತ್ತೊಂದು ದಿನ ಅವನು ರಾಜ. ಕೇಳಿದ ಮನೆಗೆ ಗಿರಣಿ ಮನೆಯವರು ಕಾರು ಕಳಿಸುತ್ತಿದ್ದರು. ಪೆಟ್ರೋಲು ಹಾಕಿಸಿ, ಒಂದು ಕಾಯಿ ತಂದರೆ ಸಾಕು. ಬಾಸಿಂಗ ಬಿಚ್ಚಿದ ಮೇಲೆ ಅದೇ ಮನುಷ್ಯ ಬಂದು ಕಾಲುಮುರಿದುಕೊಂಡು ಬಿದ್ದಿದ್ದೇನೆ ಎಂದರೂ ಹಿಂದಿನ ಸೀಟು ಸಿಗುತ್ತಿರಲಿಲ್ಲ. ಅಂದರೆ ಪ್ರತಿ ಗಂಡಸಿಗೂ ಜೀವನದಲ್ಲಿ ಒಂದೇ ಅವಕಾಶ.

ಈಗ ನನ್ನ ಕಥೆಗೆ ಬರುತ್ತೇನೆ. ಬರದೆ ಇರಲು ಆಗುತ್ತದೆಯೇ?

ನಾನು ಕೂಡ್ಲಿಗಿಯ ಹುಡುಗ. ಆದಿತ್ಯವಾರ ಬಂತೆಂದರೆ ನಮ್ಮವ್ವ ಹರಳೆಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಕಂಬ ಅಪ್ಪಿಕೊಳ್ಳುತ್ತಿದ್ದೆ. ಆಗ ಅವಳು, "ಕುಡಿಯಪ್ಪ, ನನ್ನ ಬಂಗಾರ. ಕುಡಿದ್ರ ನಿನ್ನ ಮದಿವಿಗೆ ಗಿರಣಿ ಮನಿ ಕಾರು ತರಸ್ತೀನಿ. ಹಿಂದ ಕುಂತು ಬರೂವಂತಿ," ಎನ್ನುತ್ತಿದ್ದಳು. ನಾನು ಬಾಯಿ ತೆರೆಯುತ್ತಿದ್ದೆ. ಉಳಿದವರಿಗೆ ಆ ಸೀಟು ಮದುವೆಯಾಗುತ್ತೇನೆ ಎಂದದ್ದಕ್ಕೆ ಸಿಕ್ಕಿತು. ನಾನು ಅದನ್ನು ಹರಳೆಣ್ಣೆ ಕುಡಿದು ಸಂಪಾದಿಸಿದ್ದೆ.

ದೊಡ್ಡವನಾದ ಮೇಲೆ ಕೊಟ್ಟೂರಿನ ಸಂಬಂಧ ಬಂದಾಗ, ಹುಡುಗಿಯ ಮುಖ ನೋಡುವ ಮೊದಲೇ ನಾನು ಅರ್ಧ ಒಪ್ಪಿದ್ದೆ. ಇದು ನನ್ನ ಹೆಂಡತಿ ನೀಲಾಳಿಗೆ ಗೊತ್ತು. ಗೊತ್ತಿರುವುದನ್ನು ಅವಳು ಆಗಾಗ ಗೊತ್ತುಮಾಡುತ್ತಾಳೆ.

ಆದರೆ ನನ್ನ ಮಾವನವರು ಒಂದೇ ಹಂದರದಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸುವುದೆಂದು ನಿಶ್ಚಯಿಸಿದರು. ನೀಲಾಳ ಅಕ್ಕ ಅನ್ನಪೂರ್ಣಳಿಗೆ ಹಗರಿಬೊಮ್ಮನಹಳ್ಳಿಯ ಕೊಟ್ರೇಶಿ, ನೀಲಾಳಿಗೆ ನಾನು. ಅಂದರೆ ಕೊಟ್ರೇಶಿ ನನಗೆ ಷಡ್ಡಕ. ಕನ್ನಡದಲ್ಲಿ ಹೊಟ್ಟೆಕಿಚ್ಚಿಗೆ ಒಂದು ಸಂಬಂಧವಾಚಕ ಬೇಕೆಂದೇ ಈ ಶಬ್ದವನ್ನು ಹಿರಿಯರು ಇಟ್ಟಿರಬೇಕು. ಮದುಮಗಂದಿರು ಇಬ್ಬರು, ಕಾರು ಒಂದು. ಸೀಟೇನೋ ವಿಶಾಲವಾಗಿತ್ತು. ಊರ ಮುಂದಿನ ಆಂಜನೇಯನ ಗುಡಿಯಲ್ಲಿ ಬಾಸಿಂಗ ಕಟ್ಟಿಸಿಕೊಂಡು ನಾವಿಬ್ಬರೂ ಒಂದೊಂದು ಕಡೆಯಿಂದ ಹತ್ತಲು ಹೋದೆವು. ಆಗ ಹೆಣ್ಣಿನ ಕಡೆಯ ಒಬ್ಬ ಮುದುಕಿ, ನೀಲಾಳ ಸೋದರತ್ತೆ, ಕೈ ಅಡ್ಡ ಹಿಡಿದಳು.

"ಏ ತಡೀರಿ! ಬಾಸಿಂಗ ಕಟ್ಟಿದ ಇಬ್ರು ಒಬ್ರ ಮುಖ ಒಬ್ರು ನೋಡಬಾರದು. ಹಿರೇ ಅಳಿಯ ಹಿಂದ ಕುಂದರ್ಲಿ. ಕಿರೇ ಅಳಿಯ ಡ್ರೈವರ್ ಬಾಜೂಕ ಹೋಗ್ಲಿ."

"ಮುಂದ ಕುಂತವ್ರು ತಿರುಗಿ ನೋಡಿದ್ರ ಏನ್ ಮಾಡ್ತಿ ಅತ್ತೀ?" ಎಂದ ಯಾರೋ ಬುದ್ಧಿವಂತ.

ಅತ್ತೆ ಒಂದು ಕ್ಷಣ ಯೋಚಿಸಿದಳು. "ತಲೀ ಮ್ಯಾಲ ಒಂದು ಟವಲ್ ಹಾಕ್ರಿ," ಎಂದಳು.

ಹಾಕಿದರು. ಬಾಸಿಂಗದ ಮೇಲಿನಿಂದ ಗಲ್ಲದವರೆಗೆ ಟವಲು. ಮುಂದಿನ ಸೀಟು ಕೂಡ ಸುಖದ್ದಲ್ಲ. ಕಾರಿನ ಗೇರೂ ಕೈಬ್ರೇಕೂ ಡ್ರೈವರನ ಬಲಗಡೆ ಇದ್ದವು, ಆದ್ದರಿಂದ ಹಾರ್ನಿನ ರಬ್ಬರ್ ಬುರುಡೆಯನ್ನು ಯಾವನೋ ಮೇಸ್ತ್ರಿ ಉದ್ದನೆಯ ಕೊಳವೆ ಜೋಡಿಸಿ ಎಡಕ್ಕೆ ತಂದಿದ್ದ. ಡ್ರೈವರ್ ಹೇಳಿದ, "ಅಳಿಯಾರ, ಹಾರ್ನ್ ನೀವ ಒತ್ರಿ. ನನಗ ಎರಡೂ ಕೈಯಾಗ ಕೆಲಸ ಐತಿ." ಒತ್ತಿದೆ. ಟವಲಿನೊಳಗೆ ಕುಳಿತು ದಾರಿಯುದ್ದಕ್ಕೂ ಒತ್ತಿದೆ. ಸಿಟ್ಟನ್ನು ತೀರಿಸಿಕೊಳ್ಳಲು ಬೇರೆ ಏನಿತ್ತು? ಅದೇ ಹೊತ್ತಿಗೆ ಫೋಟೋದವನು ಕ್ಲಿಕ್ಕಿಸಿದ.

ಆ ಫೋಟೋದ ಗತಿ ಕೇಳಿ. ನಮ್ಮ ಮನೆಯಲ್ಲಿ ಅದನ್ನು ನೋಡಿದವರೆಲ್ಲ, "ಹಿಂದ ಕುಂತವ್ರು ನಿಮ್ಮ ಷಡ್ಡಕರಲ್ಲ? ಮುಂದ ಟವಲ್ ಹೊತ್ತವ ಕ್ಲೀನರೇನ್ರಿ? ಪಾಪ, ಹಲ್ಲುನೋವೇನೋ," ಎನ್ನುತ್ತಾರೆ. ಕೊಟ್ರೇಶಿ ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ತನ್ನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಹಾಕಿದ್ದಾನೆ. ದೊಡ್ಡದು ಮಾಡಿಸುವಾಗ ನನ್ನನ್ನು ಕತ್ತರಿಸಿಬಿಟ್ಟ. ಪೂರ್ತಿ ಕತ್ತರಿಸಿದ್ದರೂ ಸಮಾಧಾನವಿತ್ತು. ಮೊಣಕೈವರೆಗಿನ ಒಂದು ಕೈ ಮಾತ್ರ, ಹಾರ್ನ್ ಹಿಡಿದದ್ದು, ಚೌಕಟ್ಟಿನ ಅಂಚಿನಿಂದ ಹೊರಬಂದಿದೆ. ಅದು ನಾನು.

ಇಂಥ ಸ್ಥಿತಿಯಲ್ಲಿ ಹೋದ ತಿಂಗಳು ಕೊಟ್ರೇಶಿಯ ಫೋನು ಬಂತು.

"ತಮ್ಮಾ, ಸುದ್ದಿ ಕೇಳಿದೇನು? ಗಿರಣಿ ಮನಿ ಮೊಮ್ಮಗ ಕಾರು ರಿಪೇರಿ ಮಾಡಿಸ್ಯಾನ. ಹರಪನಹಳ್ಳಿ ದಾದಾಪೀರ್ ಮೇಸ್ತ್ರಿ ಮಾಡ್ಯಾನ. ಈ ಸಲ ನಮ್ಮ ಮದಿವಿ ಆದ ದಿನಾನ ಹೊರಗ ತೆಗಸೋಣ ಅಂತ ಮಾತಾಡೀನಿ. ಆಂಜನೇಯನ ಗುಡಿಯಿಂದ ಮಾವಾರ ಮನಿ ತನಕ. ನೀವೂ ಬರ್ರಿ."

"ಹಿಂದಿನ ಸೀಟಿಗೆ ಬಾಸಿಂಗ ಬೇಕಲ್ಲ ಅಣ್ಣಾರ?" ಎಂದೆ, ದನಿಯನ್ನು ಆದಷ್ಟು ಸಹಜವಾಗಿಟ್ಟುಕೊಂಡು.

"ಅವೆಲ್ಲ ಹಿಂದಿನವ್ರ ಮಾತು. ಈಗಿನ ಹುಡುಗ ಯಾರರ ಕುಂದರ್ರಿ ಅಂತಾನ. ಮತ್ತ... ನಿನಗ ಮುಂದಿನ ಸೀಟ ರೂಢಿ ಐತಿ ಬಿಡು!" ಎಂದು ನಕ್ಕ.

ಆ ನಗು ನನಗೆ ನಿದ್ದೆ ಕೊಡಲಿಲ್ಲ. ಇಷ್ಟು ವರ್ಷಗಳ ಮೇಲೆ, ಬಾಸಿಂಗವಿಲ್ಲದೆ, ಆ ಸೀಟು ಬಾಗಿಲು ತೆರೆದುಕೊಂಡಿದೆ. ಈ ಸಲ ಬಿಟ್ಟರೆ ಮುಗಿಯಿತು. ಆದರೆ ಚಿಂತೆ ಒಂದೇ? ಕಾರು ಮಧ್ಯದಲ್ಲಿ ನಿಂತರೆ? ಗಾಲಿ ಕಳಚಿದರೆ? ಆ ಗಾಲಿಗಳ ಕಟ್ಟಿಗೆಯ ಅರಗಳನ್ನು ಕಾನಹೊಸಹಳ್ಳಿಯ ಬಡಿಗೇರ ಒಬ್ಬ ಚಕ್ಕಡಿ ಗಾಡಿಗೆ ಮಾಡುವಂತೆ ಜಾಲಿ ಮರದಲ್ಲಿ ಮಾಡಿಕೊಟ್ಟಿದ್ದ ಎಂದು ಕೇಳಿದ್ದೆ. ಎಂಜಿನ್ನು ಯಾವುದೋ ಜೀಪಿನದು. ವಿಲಾಯತಿಯದೆಂದು ಉಳಿದಿದ್ದು ಮೂತಿ, ಹಿತ್ತಾಳೆಯ ಹಾರ್ನು ಮತ್ತು ಆ ಸೀಟು. ಹಾಗಾದರೆ ಉಳಿದ ಕಾರು ಹಾಳಾಗಿ ಹೋಗಲಿ, ಸೀಟು ಅಸಲಿಯಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಉಪಾಯವೂ ಹೊಳೆಯಿತು. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವುದು ಹೇಗೆ? ಬಾಗಿಲಲ್ಲಿ ನೂಕುನುಗ್ಗಲು ಇದ್ದರೆ ಕಿಟಕಿಯಿಂದ ಟವಲು ಎಸೆಯುತ್ತೇವೆ. ಟವಲು ಬಿದ್ದ ಸೀಟಿನ ತಂಟೆಗೆ ಎಂಥ ಪುಂಡನೂ ಹೋಗುವುದಿಲ್ಲ. ಆ ಮರ್ಯಾದೆಯೊಂದು ಇನ್ನೂ ಉಳಿದಿದೆ. ಹಿಂದೆ ಟವಲಿನಿಂದ ಕಳೆದುಕೊಂಡದ್ದನ್ನು ಟವಲಿನಿಂದಲೇ ಪಡೆಯುವುದು ಎಂದುಕೊಂಡೆ.

ಆ ದಿನ ಬೆಳಿಗ್ಗೆ ನೀಲಾಳನ್ನು ತವರುಮನೆಯಲ್ಲಿ ಇಳಿಸಿ, ನಾನು ನೇರ ಆಂಜನೇಯನ ಗುಡಿಗೆ ಹೋದೆ. ಕಾರು ಬೇವಿನ ನೆರಳಲ್ಲಿ ನಿಂತಿತ್ತು. ಹತ್ತಿರದಿಂದ ನೋಡಿದರೆ ಎಷ್ಟು ಮುದಿ! ಆದರೂ ಮೂತಿಯ ಮೇಲಿನ ವಿಭೂತಿಯಲ್ಲಿ ಒಂದು ಗರ್ವವಿತ್ತು. ದಾದಾಪೀರ್ ಕೆಳಗೆ ಮಲಗಿ ಏನನ್ನೋ ಬಿಗಿಸುತ್ತಿದ್ದ. ಕಾಲು ಮಾತ್ರ ಕಾಣುತ್ತಿದ್ದವು. ನಾನು ಸುತ್ತ ನೋಡಿ, ಹಿಂದಿನ ಸೀಟಿನ ನಟ್ಟನಡುವೆ ನನ್ನ ಬಿಳಿ ಟವಲು ಹಾಸಿದೆ. ಎರಡು ಕಡೆಗೂ ಅಂಚು ಮುಟ್ಟುವಂತೆ ಎಳೆದು ಸರಿಮಾಡಿದೆ. ಗಾಳಿಗೆ ಹಾರಬಾರದೆಂದು ಒಂದು ಕಲ್ಲು ಇಟ್ಟೆ. ಕಲ್ಲು ಚರ್ಮವನ್ನು ಕೆಡಿಸೀತೆಂದು ತೆಗೆದೆ. ಟವಲು ಹಾರೀತೆಂದು ಮತ್ತೆ ಇಟ್ಟೆ.

ಆಮೇಲೆ ನೆಮ್ಮದಿಯಾಗಿ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದೆ. ಬಂದು ನೋಡಿದರೆ ನನ್ನ ಟವಲು ಇದ್ದಲ್ಲೇ ಇದೆ. ಆದರೆ ಮುಂದಿನ ಸೀಟಿನ ಮೇಲೆ ಇನ್ನೊಂದು ಟವಲು! ಹಸಿರು ಅಂಚಿನದು, ಟ್ರ್ಯಾಕ್ಟರ್ ಕಂಪನಿಯವರು ಹಬ್ಬಕ್ಕೆ ಹಂಚುವಂಥದು. ಪಕ್ಕದಲ್ಲಿ ಕೊಟ್ರೇಶಿ ಬೇವಿಗೆ ಒರಗಿ ನಿಂತಿದ್ದ.

ಇವನೇಕೆ ಮುಂದಿನ ಸೀಟು ಹಿಡಿದ? ಹಿಂದಿನ ಸೀಟಿನಲ್ಲಿ ಏನೋ ಮೋಸವಿರಬೇಕು. ಅಥವಾ ಮುಂದಿನದರಲ್ಲಿ ಏನೋ ಲಾಭವಿರಬೇಕು.

"ಅಣ್ಣಾರ, ನೀವು ಮುಂದ?" ಎಂದೆ.

ಅವನು ನೆಲ ನೋಡಿದ. "ನಗಬ್ಯಾಡ ಮತ್ತ."

"ಇಲ್ಲ ಹೇಳ್ರಿ."

"ಅವತ್ತ ಊರೆಲ್ಲ ನಿನ್ನ ಹಿಂದ ಓಡಿ ಬಂತು. ಯಾರಪ್ಪಾ ಈ ಟವಲ್ ಹೊತ್ತವ, ಏನ್ ಹಾರ್ನ್ ಒತ್ತತಾನ ಅಂತ. ನಾನು ಹಿಂದ ಗೂಟದಂಗ ಕುಂತಿದ್ದೆ. ಒಬ್ಬರ ನನ್ನ ಕಡೆ ನೋಡಲಿಲ್ಲ. ಮದಿವಿ ನಂದೋ ನಿಂದೋ ಅನ್ನಂಗಾಗಿತ್ತು." ಹಾರ್ನಿನ ಬುರುಡೆಯನ್ನು ಮೆಲ್ಲಗೆ ಮುಟ್ಟಿದ, ಒತ್ತಲಿಲ್ಲ. "ಶೋರೂಮಿನ ಫೋಟೋದಾಗ ನಿನ್ನ ಕೈ ಯಾಕ ಬಿಟ್ಟೀನಿ ತಿಳಕೊಂಡಿ? ಕೈ ತೆಗಿ ಅಂದ್ರ ಸ್ಟುಡಿಯೋದವ ಹಾರ್ನೂ ಹೋಗತೈತಿ ಅಂದ. ನನಗ ಹಾರ್ನ್ ಬೇಕಾಗಿತ್ತಲೇ."

ನನಗೆ ನಗು ಬರಲಿಲ್ಲ. ಸಂತೋಷವೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆ ಇನ್ನಷ್ಟು ಉರಿಯಿತು. ಒಬ್ಬ ಗಟ್ಟಿ ಮನುಷ್ಯ, ಶೋರೂಮ್ ಇಟ್ಟವನು, ಇಷ್ಟು ವರ್ಷ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಾನೆ. ಅದರ ಸುಖ ಒಂದು ದಿನವಾದರೂ ನನಗೆ ಸಿಗಲಿಲ್ಲವಲ್ಲ! ಮೊದಲೇ ಗೊತ್ತಿದ್ದರೆ ಎಷ್ಟು ಹಬ್ಬಗಳಲ್ಲಿ ಅವನ ಎದುರು ಎದೆಯುಬ್ಬಿಸಿ ಕೂರಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಈಗ ಮುಂದಿನ ಸೀಟು ಅವನದು, ಹಾರ್ನು ಅವನದು. ಹಿಂದೆ ನಾನು ಗೂಟದಂತೆ ಕೂರಬೇಕು.

"ಬೇಕಾದ್ರ ಬದಲ್ ಮಾಡ್ಕೊಳ್ಳೋಣೇನ್ರಿ ಅಣ್ಣಾರ?" ಎಂದೆ, ಉದಾರವಾಗಿ.

"ಟವಲ್ ಹಾಕೀನಿ," ಎಂದ ಅವನು, ಅಷ್ಟೇ ಗಂಭೀರವಾಗಿ.

ಅಷ್ಟರಲ್ಲಿ ಆಟೋ ಒಂದು ಬಂದು ನಿಂತು ಅಕ್ಕತಂಗಿಯರು ಇಳಿದರು. ಇಬ್ಬರೂ ಧಾರೆಯ ಸೀರೆ ಹುಡುಕಿ ಉಟ್ಟಿದ್ದರು. ಅನ್ನಪೂರ್ಣ ಕಾರಿನ ಸುತ್ತ ಒಮ್ಮೆ ಬಂದಳು. ನೀಲಾ ಬಾಗಿಲಿನ ಮೇಲೆ ಕೈಯಿಟ್ಟು ಒಳಗೆ ನೋಡಿದಳು. ಕೆಂಪು ಚರ್ಮ, ಹೂವಿನ ಗಾಜಿನ ಕೊಳವೆ, ಕಾಲುಮಣೆ.

"ಇಷ್ಟು ಸಮೀಪದಿಂದ ಇವತ್ತ ನೋಡಾಕತ್ತೀನಿ ನೋಡಕ್ಕಾ," ಎಂದಳು.

"ಅಂದ್ರ? ನಿಮ್ಮೂರ ಕಾರು!" ಎಂದೆ ನಾನು.

"ನಮ್ಮೂರದ ಹೌದ್ರಿ. ಹೆಣ್ಮಕ್ಕಳನ್ನ ಯಾರು ಹತ್ತಿಸಿಕೊಳ್ಳತಿದ್ರು? ಮದಿವಿ ದಿನ ನಮ್ಮಿಬ್ರನ್ನ ದೇವರಮನ್ಯಾಗ ಕುಂದರ್ಸಿ ಬಾಗಲಾ ಮುಚ್ಚಿದ್ರು. ಹೊರಗ ಬರೀ ಹಾರ್ನ್ ಕೇಳತಿತ್ತು. ಬಂದ್ರಬೇ, ಬಂದ್ರು ಅಂತ ಅಕ್ಕ ನನ್ನ ಕೈ ಹಿಡ್ಕೊಂಡ್ಲು. ಯಾರ ಗಂಡ ಒತ್ತಾಕತ್ಯಾನ ಅಂತ ಇಬ್ರೂ ಜಗಳ ಆಡಿದ್ವಿ."

"ನನ್ನ ಗಂಡ ಅಂತ ನಾನಂದೆ," ಎಂದಳು ಅನ್ನಪೂರ್ಣ.

"ಕಡಿಗೆ ಸೋದರತ್ತಿ ಬಂದು, ನಿನ್ನ ಗಂಡನ ನೀಲಿ, ಊರ ಕಿವಿ ಹರಿಯಾಕತ್ಯಾನ ಅಂದ್ಲು. ಅವತ್ತ ಅಕ್ಕ ನನ್ನ ಕೂಡ ಮಾತ ಆಡಲಿಲ್ಲ. ಅಕ್ಷತಿ ಬೀಳೂತನಕಾನೂ ಮುಖ ಊದಿಸಿಕೊಂಡಿದ್ಲು." ನೀಲಾ ನಗುತ್ತಿದ್ದಳು. ಈ ಮಾತನ್ನು ಅವಳು ಇಷ್ಟು ವರ್ಷಗಳಲ್ಲಿ ನನಗೆ ಒಂದು ಸಲವೂ ಹೇಳಿರಲಿಲ್ಲ. ಹೇಳಿದರೆ ನಾನು ಉಬ್ಬುತ್ತೇನೆಂದು ಸುಮ್ಮನಿದ್ದಳೋ ಏನೋ. ಸರಿಯಾದ ಅಂದಾಜೇ.

ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವಳು ಹಿಂದಿನ ಬಾಗಿಲು ತೆರೆದಳು. ಕಲ್ಲು ತೆಗೆದು ಕೆಳಗೆ ಹಾಕಿದಳು. ನನ್ನ ಟವಲನ್ನು ನಾಲ್ಕು ಮಡಿಕೆ ಮಾಡಿ, ಸೀಟಿನಲ್ಲಿ ಸ್ಪ್ರಿಂಗು ಎದ್ದ ಕಡೆ ಹಾಸಿ, "ಬಾರಕ್ಕಾ," ಎಂದು ಕುಳಿತಳು. ಅನ್ನಪೂರ್ಣ ಹತ್ತಿ ಪಕ್ಕಕ್ಕೆ ಕುಳಿತಳು. ಕಾಲುಮಣೆ ಬಿಡಿಸಿ ಇಬ್ಬರೂ ಕಾಲು ಚಾಚಿದರು. ಅನ್ನಪೂರ್ಣ ಮುಡಿಯಿಂದ ಒಂದು ಎಳೆ ಮಲ್ಲಿಗೆ ತೆಗೆದು ಗಾಜಿನ ಕೊಳವೆಗೆ ಸಿಕ್ಕಿಸಿದಳು. ಗಿರಣಿ ಸಾಹುಕಾರರ ಕಾಲದ ನಂತರ ಆ ಸೀಟು ಅಷ್ಟು ನಿರಾಳವಾಗಿ ಯಾರನ್ನೂ ಕೂರಿಸಿಕೊಂಡಿರಲಿಕ್ಕಿಲ್ಲ.

ಕೊಟ್ರೇಶಿ ಗಡಿಬಿಡಿಯಿಂದ ಮುಂದಿನ ಸೀಟು ಹತ್ತಿದ. ದಾದಾಪೀರ್ ಸ್ಟೇರಿಂಗಿಗೆ ಕುಳಿತ. ಒಮ್ಮೆ ಗೊರ್ ಎಂದಿತು. ಇನ್ನೊಮ್ಮೆ ಗೊರ್ ಎಂದು ನಿಂತಿತು.

"ಬ್ಯಾಟ್ರಿ ಬಿದ್ದೈತಿ ಸಾಹುಕಾರ," ಎಂದ ದಾದಾಪೀರ್. "ಸ್ವಲ್ಪ ನೂಕಬೇಕು. ಹಿಂದ ಇಬ್ರರ ಬೇಕು."

"ಅಮ್ಮಾರು ಇಳೀಲೇನು?" ಎಂದು ನಾನು ಆಸೆಯಿಂದ ಕೇಳಿದೆ.

"ಅಮ್ಮಾರು ಯಾಕ್ರಿ? ನೀವಿಬ್ರು ಅದೀರಲ್ಲ."

ಕೊಟ್ರೇಶಿ ಇಳಿದ. ಟವಲನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದ, ನಂಬಿಕೆ ದೊಡ್ಡದು. ನಾವಿಬ್ಬರೂ ಹಿಂದೆ ಹೋಗಿ ಬಗ್ಗಿ ಕೈಹಚ್ಚಿದೆವು. ಎದುರಿಗೆ ಎರಡು ಮಲ್ಲಿಗೆಯ ಮುಡಿಗಳು, ನೆಟ್ಟಗೆ, ಒಂದೂ ತಿರುಗಿ ನೋಡದೆ. ಆ ಸೋದರತ್ತೆ ಇದ್ದಿದ್ದರೆ ಮೆಚ್ಚುತ್ತಿದ್ದಳು.

"ಜೋರಾಗಿ ನೂಕಲೇ ತಮ್ಮಾ, ಎಲ್ಲಾ ಭಾರ ನನ್ನ ಮ್ಯಾಲೆ ಬಿಟ್ಟಿ," ಎಂದ ಕೊಟ್ರೇಶಿ ಏದುಸಿರಿನಲ್ಲಿ.

"ನಿಮ್ಮ ಕಡೆ ಇಳಿಜಾರೈತ್ರಿ ಅಣ್ಣಾರ, ನನಗ ಏರು," ಎಂದೆ. ನಿಜವಾಗಿಯೂ ಹಾಗೇ ಅನಿಸಿತು.

ಕಾರು ಮೆಲ್ಲಗೆ ಮುಂದೆ ಸರಿಯಿತು. ನೀಲಾ ಮುಂದಕ್ಕೆ ಬಗ್ಗಿದ್ದು ಕಂಡಿತು. ಮುಂದಿನ ಸೀಟಿನ ಬೆನ್ನ ಮೇಲಿನಿಂದ ಕೈ ಚಾಚಿ ಹಾರ್ನಿನ ಬುರುಡೆ ಹಿಡಿದು ಒತ್ತಿದಳು. ಊರ ಕಿವಿ ಹರಿಯುವಂತೆ ಒತ್ತಿದಳು. ಆಮೇಲೆ ಅಕ್ಕನ ಸರದಿ. ಪೂಜೆಗೆ ಬಂದವರು, ಚಹಾದಂಗಡಿಯವರು ಎಲ್ಲ ಓಡಿ ಬಂದು ಕಾರಿನ ಅಕ್ಕಪಕ್ಕ ನಡೆಯತೊಡಗಿದರು. ನಮ್ಮಿಬ್ಬರ ಕಡೆ ಯಾರೂ ನೋಡಲಿಲ್ಲ. ಹರಳೆಣ್ಣೆಯ ರುಚಿ ಗಂಟಲಿಗೆ ಬಂತು.

ಎಂಜಿನ್ನು ಹತ್ತಿಕೊಂಡು ಕಾರು ನಮ್ಮ ಕೈಬಿಟ್ಟು ಮುಂದೆ ಹೋಯಿತು. ಹೋಗುವಾಗ ಒಂದು ಮೋಡದಷ್ಟು ಕಪ್ಪು ಹೊಗೆ ಉಗುಳಿತು. ಕೊಟ್ರೇಶಿಯ ಮುಖ ನೋಡಿದೆ. ಬೆವರಿತ್ತು, ಅಷ್ಟೇ, ಸ್ವಚ್ಛವಾಗಿತ್ತು.

ಸೈಲೆನ್ಸರ್ ನನ್ನ ಕಡೆಗಿತ್ತು.